ಗಡ್ಡೆಯ ಬಟ್ಟಲು ಕಡೆಯುವ ಮುನ್ನ

ಯುಜೀನ್, ಒರೆಗಾನ್

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು.

ನೀನು ಕಳುಹಿಸಿದ ಆರು ಚಿತ್ರಗಳನ್ನೂ ಕನ್ನಡಕ ಒರೆಸಿಕೊಂಡು ನೋಡಿದೆ. ಡಿಸೆಂಬರಿನ ಬಿರುಗಾಳಿಗೆ ಉರುಳಿದ ನೆರೆಮನೆಯ ಬಿಗ್‌ಲೀಫ್ ಮೇಪಲ್ ಮರದಿಂದ ಆ ಗಡ್ಡೆಯನ್ನು ಕೊಯ್ದು ತಂದಿರುವೆನೆಂದೂ, ಬರುವ ಶನಿವಾರವೇ ಅದನ್ನು ಲೇತ್‌ಗೆ (ಮರವನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ) ಏರಿಸಿ, ಅಮ್ಮ ಸಿಯಾಟಲ್‌ಗೆ ಬಂದಿಳಿಯುವ ವೇಳೆಗೆ ತೊಗಟೆಯ ಅಂಚುಳ್ಳ ಬಟ್ಟಲೊಂದನ್ನು ಸಿದ್ಧಪಡಿಸುವೆನೆಂದೂ ಬರೆದಿದ್ದೀಯೆ. ಬರ್ಲ್ ಎಂದು ಇಲ್ಲಿ ಕರೆಯುವ ಇಂತಹ ಗಡ್ಡೆ ನನ್ನ ಕೈಗೆ ಬರಲು ಏಳು ವರ್ಷ ಬೇಕಾಯಿತು. ನಿನಗೆ ಮೊದಲ ವರ್ಷವೇ ದಕ್ಕಿದೆ. ಈ ಪತ್ರದಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇದೆಯೆಂದು ತಿಳಿದರೆ ತಪ್ಪಿಲ್ಲ, ಆದರೆ ಶನಿವಾರದ ಆತುರವನ್ನು ಮಾತ್ರ ಬಿಟ್ಟುಬಿಡು.

ಚನ್ನಪಟ್ಟಣದಲ್ಲಿ ನಿನ್ನ ತಾತ ಆಲೆ ಮರವನ್ನು ಕಡೆಯುತ್ತಿದ್ದುದನ್ನು ನೋಡುತ್ತ ಬೆಳೆದವನು ನಾನು. ಆ ಕೆಲಸದಲ್ಲಿ ಮರದ ನಾರು ಲೇತ್‌ನ ಅಚ್ಚಿನ ಉದ್ದಕ್ಕೂ ನೇರವಾಗಿ ಹರಿದಿರುತ್ತದೆ, ತುಂಡು ಎಷ್ಟು ಸುತ್ತು ತಿರುಗಿದರೂ ಉಳಿಗೆ ಸಿಗುವುದು ಒಂದೇ ಬಗೆಯ ಮೈ, ಮತ್ತು ಬೊಂಬೆಯ ಆಕಾರ ಪೂರ್ತಿಯಾಗಿ ಕಡೆಯುವವನ ತಲೆಯಲ್ಲಿರುತ್ತದೆ. ಎಲ್ಲಾದರೂ ಸೊಟ್ಟಗಿದ್ದರೆ ತಾತ ಅದನ್ನು ಕೆತ್ತಿ ತೆಗೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಆ ಉಜ್ಜಾಟದ ಬಿಸಿಗೆ ಕರಗಿದ ಬಣ್ಣದಿಂದ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದರು. ಬರ್ಲ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಕೊಂಬೆ ಮುರಿದಲ್ಲಿ ಉಳಿಯುವ ಗಂಟಲ್ಲ. ಚಿಗುರದೆ ಉಳಿದ ನೂರಾರು ಮೊಗ್ಗುಗಳ ಸುತ್ತ ನಾರು ಸುರುಳಿ ಸುತ್ತಿಕೊಂಡು ಬೆಳೆದ ಗಡ್ಡೆ. ಅದರೊಳಗೆ ನಾರಿಗೆ ದಿಕ್ಕಿಲ್ಲ, ಅಲ್ಲಲ್ಲಿ ತೊಗಟೆಯೇ ಒಳಗೆ ಹೂತುಹೋಗಿರುತ್ತದೆ, ಕೆಲವೆಡೆ ಟೊಳ್ಳೂ ಇರುತ್ತದೆ. ಬಟ್ಟಲಿನ ಅಂಚಂತೂ ನೀನು ಮಾಡುವುದೇ ಅಲ್ಲ, ಮರ ಮಾಡಿಟ್ಟದ್ದು. ಆ ಅಂಚು ಎಲ್ಲಿ ಬೀಳಬೇಕೆಂಬುದೊಂದೇ ನಿನ್ನ ಕೈಯಲ್ಲಿದೆ, ಅದು ತೀರ್ಮಾನವಾಗುವುದೂ ಮೊದಲ ಅರ್ಧ ಗಂಟೆಯಲ್ಲಿ, ಯಂತ್ರ ಇನ್ನೂ ತಿರುಗದಿರುವಾಗ. ಮುಂದೆ ಬರೆಯುವುದೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ನಿನ್ನ ಗಡ್ಡೆ ಹದಿನಾಲ್ಕು ಅಂಗುಲ ಅಗಲವಿದೆ, ನಿನ್ನ ಲೇತ್ ತಿರುಗಿಸಬಲ್ಲದ್ದು ಹನ್ನೆರಡು. ಮೂಲೆಗಳು ಲೇತ್‌ನ ತಳದ ಕಂಬಿಗಳಿಗೆ ತಗುಲದಂತೆ ಹತ್ತು ಅಂಗುಲಕ್ಕೆ ಇಳಿಸು. ಉಳಿದ ಚೂರುಗಳಿಂದ ಪೆನ್ನಾದರೂ ಆದೀತು. ಕೊಯ್ದ ಚಪ್ಪಟೆ ಮುಖ ಬಟ್ಟಲಿನ ಬುಡವಾಗುತ್ತದೆ, ತೊಗಟೆಯ ಮುಖ ಬಾಯಾಗುತ್ತದೆ. ತೊಗಟೆಯ ಬದಿಗೇ ಫೇಸ್‌ಪ್ಲೇಟ್ (ಮರವನ್ನು ಹಿಡಿಯುವ ಲೋಹದ ತಟ್ಟೆ) ಇಟ್ಟು ಸ್ಕ್ರೂ ಬಿಗಿಯಲೇ ಎಂದು ಕೇಳಿದ್ದೀಯೆ. ಬೇಡ. ಹಾಗೆ ಮಾಡಿದ ಕ್ಷಣವೇ ಅಚ್ಚು ಒಂದೆಡೆ ನೆಲೆಯಾಗಿಬಿಡುತ್ತದೆ, ಆಮೇಲೆ ಅಂಚನ್ನು ಅತ್ತಿತ್ತ ಸರಿಸುವ ಸ್ವಾತಂತ್ರ್ಯ ಹೋಗುತ್ತದೆ. ಅದರ ಬದಲು ತೊಗಟೆಯ ನಡುವೆ ಅಗಲವಾದ ಬೈರಿಗೆಯಿಂದ ಗಟ್ಟಿ ಮರ ಸಿಗುವವರೆಗೆ ತೂತು ಕೊರೆದು, ಹೆಡ್‌ಸ್ಟಾಕ್‌ನ (ಮರವನ್ನು ತಿರುಗಿಸುವ ತುದಿಯ) ಮುಳ್ಳು ಆ ಮರವನ್ನೇ ಕಚ್ಚುವಂತೆ ಕೂರಿಸು, ಏಕೆಂದರೆ ತೊಗಟೆಯನ್ನು ಕಚ್ಚಿದ ಮುಳ್ಳು ಅದನ್ನು ಹರಿದುಕೊಂಡು ಸುಮ್ಮನೆ ತಿರುಗುತ್ತದೆ. ಎದುರಿನ ಚಪ್ಪಟೆ ಮುಖಕ್ಕೆ ಟೇಲ್‌ಸ್ಟಾಕ್‌ನ, ಅಂದರೆ ಆಧಾರ ಕೊಡುವ ಇನ್ನೊಂದು ತುದಿಯ, ಮೊನೆಯನ್ನು ಬಿಗಿಮಾಡು. ಆ ತೂತಿರುವ ಭಾಗ ಹೇಗೂ ತೋಡಿ ಹೋಗುವಂಥದ್ದು, ಅದಕ್ಕಾಗಿ ಮರುಗಬೇಡ.

ಈಗ ಕೈಯಿಂದ ತಿರುಗಿಸು. ಅಂಚು ಬೀಳುವ ಸುತ್ತಳತೆಯಲ್ಲಿ ತೊಗಟೆ ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂಬುದನ್ನು ಉಳಿ ಊರುವ ಟೂಲ್ ರೆಸ್ಟ್‌ನ ಮೇಲೆ ಪೆನ್ಸಿಲ್ ಊರಿ ನಾಲ್ಕೆಡೆ ಗುರುತು ಹಾಕಿ ನೋಡು. ಒಂದು ಬದಿಯ ತಗ್ಗು ಎದುರು ಬದಿಯ ತಗ್ಗಿಗಿಂತ ಒಂದಂಗುಲ ಕೆಳಗಿದ್ದರೆ, ಮುಗಿದ ಬಟ್ಟಲು ಯಾರೋ ಒಂದು ಕಡೆ ಕಚ್ಚಿ ತಿಂದಂತೆ ಕಾಣುತ್ತದೆ. ಟೇಲ್‌ಸ್ಟಾಕ್ ಸಡಿಲಿಸಿ ಮೊನೆಯನ್ನು ಕಾಲಂಗುಲ ಸರಿಸು, ಮತ್ತೆ ಬಿಗಿದು ಮತ್ತೆ ಅಳೆ. ನಾಲ್ಕೈದು ಬಾರಿ ಸರಿಸಬೇಕಾದೀತು. ಎರಡು ಎತ್ತರಗಳು ಎದುರುಬದುರಾಗಿ ಒಂದೇ ಮಟ್ಟಕ್ಕೂ, ಎರಡು ತಗ್ಗುಗಳು ತಮ್ಮೊಳಗೆ ಒಂದೇ ಮಟ್ಟಕ್ಕೂ ಹತ್ತಿರ ಬಂದಾಗ ನಿನಗೇ ತಿಳಿಯುತ್ತದೆ. ತೂಕದ ಸಮತೋಲ ಇದಕ್ಕೆ ಒಪ್ಪದೆ ಹೋಗಬಹುದು, ಭಾರವಾದ ಬದಿ ಪ್ರತಿಸಲವೂ ಕೆಳಗಿಳಿದು ನಿಲ್ಲಬಹುದು. ಆಗ ಅಂಚಿನ ಮಾತನ್ನೇ ಕೇಳು, ತೂಕವನ್ನು ಕಡೆಯುತ್ತ ಸರಿಪಡಿಸಬಹುದು.

ವೇಗದ ಬಗ್ಗೆ ಇಲ್ಲಿಯವರು ಬಳಸುವ ಲೆಕ್ಕವೊಂದಿದೆ: ಅಂಗುಲದಲ್ಲಿ ವ್ಯಾಸವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000 ರಿಂದ 9000 ದ ಒಳಗಿರಬೇಕು. ನಿನ್ನ ಹತ್ತು ಅಂಗುಲಕ್ಕೆ ಅದು 600 ರಿಂದ 900 ಆಗುತ್ತದೆ. ಆದರೆ ಅದು ದುಂಡಗಾದ ಮರದ ಲೆಕ್ಕ. ಈ ಒಡ್ಡೊಡ್ಡು ಗಡ್ಡೆಯನ್ನು 300 ರ ಸುಮಾರಿನಲ್ಲಿ ಆರಂಭಿಸಿ, ಲೇತ್ ನಡುಗದಷ್ಟಕ್ಕೆ ನಿಲ್ಲಿಸು. ಗುಂಡಿ ಒತ್ತುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲು. ಮುಖಕ್ಕೆ ಪೂರ್ತಿ ಮುಚ್ಚುವ ಕವಚ, ಮೂಗಿಗೆ ಧೂಳು ತಡೆಯುವ ಮುಸುಕು, ಇವೆರಡೂ ಇಲ್ಲದೆ ಶೆಡ್ಡಿನ ಬಾಗಿಲನ್ನೇ ತೆರೆಯಬೇಡ.

ಹೊರಮೈಯನ್ನು ಬುಡದಿಂದ ಬಾಯಿಯ ಕಡೆಗೆ ಗೌಜ್ ಎಂಬ ತೋಡುಳಿಯಿಂದ ಕಡೆ. ಅಲಗಿನ ಹಿಂದಿನ ಇಳಿಜಾರು ಮೊದಲು ಮರಕ್ಕೆ ತಾಗಬೇಕು, ಅಲಗು ಆಮೇಲೆ. ಈ ಕ್ರಮ ತಪ್ಪಿದಾಗಲೇ ಉಳಿ ಮರಕ್ಕೆ ಸಿಕ್ಕಿಕೊಂಡು ಕೈಯನ್ನೇ ಎಳೆಯುವುದು. ಅಂಚಿನ ಬಳಿ ಉಳಿಗೆ ಅರ್ಧ ಸುತ್ತು ಮರ ಸಿಕ್ಕಿದರೆ ಇನ್ನರ್ಧ ಸುತ್ತು ಬರಿಯ ಗಾಳಿ, ಅಲ್ಲಿ ಒತ್ತಿದರೆ ಉಳಿ ಗಾಳಿಯ ಸಂದಿಗೆ ಜಾರಿ ಮುಂದಿನ ಉಬ್ಬಿಗೆ ಬಡಿಯುತ್ತದೆ. ಉಳಿಯನ್ನು ಮರದ ಮೇಲೆ ಒರಗಿಸದೆ, ಮೊದಲೇ ಮನಸ್ಸಿನಲ್ಲಿ ಎಳೆದ ಗೆರೆಯ ಮೇಲೆ ನಿಧಾನವಾಗಿ ನಡೆಸು, ಮರ ಬಂದಾಗ ತಾನೇ ಕತ್ತರಿಸಿಕೊಳ್ಳುತ್ತದೆ.

ಬುಡದಲ್ಲಿ ಚಕ್ (ದವಡೆಗಳಿಂದ ಮರವನ್ನು ಕಚ್ಚಿಕೊಳ್ಳುವ ಸಾಧನ) ಹಿಡಿಯಲು ಬಿಡುವ ಟೆನನ್ ಎಂಬ ದುಂಡನೆಯ ಗೂಟದ ವಿಷಯದಲ್ಲಿ ನಾನು ಪಾಠ ಕಲಿತದ್ದು ಮೂಗು ತೆತ್ತೇ ಎನ್ನಬೇಕು. ಕಾಲು ಸಪೂರವಾಗಿದ್ದರೆ ಚೆಲುವೆಂದು ಹನ್ನೊಂದು ಅಂಗುಲದ ಗಡ್ಡೆಗೆ ಒಂದೂವರೆ ಅಂಗುಲದ ಟೆನನ್ ಬಿಟ್ಟಿದ್ದೆ. ಅದೂ ಒಳಗೆ ಹೂತ ತೊಗಟೆಯೊಂದು ಹಾದುಹೋದ ಜಾಗದಲ್ಲಿ. ಅರ್ಧ ತೋಡಿದ್ದಾಗ ಟೆನನ್ ಸೀಳಿತು, ಬಟ್ಟಲು ಮುಖಕವಚಕ್ಕೆ ಬಡಿದು ಗೋಡೆಗೆ ಹಾರಿತು. ಕವಚ ಬಿರಿಯಿತು, ಮೂಗು ಊದಿತು, ನಿಮ್ಮತ್ತೆ ಒಂದು ವಾರ ಮಾತನಾಡಲಿಲ್ಲ. ವ್ಯಾಸದ ಮೂರರಲ್ಲೊಂದು ಭಾಗದಷ್ಟು ಅಗಲದ ಟೆನನ್ ಬಿಡು, ಅದಕ್ಕೆ ಹೊಂದುವ ದವಡೆಗಳನ್ನು ಚಕ್‌ಗೆ ಹಾಕು. ಮರದ ಭುಜ ದವಡೆಯ ಮೇಲೆ ಕೂರಬೇಕು, ಟೆನನ್‌ನ ತುದಿ ಚಕ್‌ನ ತಳಕ್ಕೆ ತಾಗಬಾರದು. ಅಲ್ಲಿ ಗಟ್ಟಿ ಮರವೇ ಇದೆಯೇ ಎಂದು ಉಗುರಿನಿಂದ ಕೆರೆದು ನೋಡು.

ಬಟ್ಟಲನ್ನು ಹಿಂದುಮುಂದಾಗಿಸಿ ಚಕ್‌ಗೆ ಹಾಕಿದ ಮೇಲೆ ಒಳಗನ್ನು ತೋಡುವಾಗ ಒಂದೇ ಉಸಿರಿಗೆ ತಳದವರೆಗೆ ಹೋಗಬೇಡ. ಅಂಚಿನಿಂದ ಒಂದಂಗುಲ ಆಳದವರೆಗೆ ಗೋಡೆಯನ್ನು ಅಂತಿಮ ದಪ್ಪಕ್ಕೆ, ಅಂದರೆ ಕಾಲಂಗುಲಕ್ಕೆ ತಂದು ಮುಗಿಸು. ನಡುವಿನ ಮರ ಹಾಗೆಯೇ ಇರಲಿ, ಅದರ ಭಾರವೇ ಅಂಚು ನಡುಗದಂತೆ ಹಿಡಿದಿರುತ್ತದೆ. ಬಳಿಕ ಇನ್ನೊಂದಂಗುಲ. ತಳ ಮುಟ್ಟಿದ ಮೇಲೆ ಅಂಚನ್ನು ಇನ್ನೂ ಸ್ವಲ್ಪ ತೆಳುಮಾಡೋಣವೆಂದು ಮರಳಿ ಹೋದರೆ, ಅಷ್ಟರಲ್ಲಿ ಹಸಿ ಮರ ಒಣಗುತ್ತ ಬಾಗಿರುತ್ತದೆ, ಒಂದೇ ತಾಗಿಗೆ ಅಂಚು ಚೂರಾಗುತ್ತದೆ. ಒಳಗಿನ ಕಡೆತ ತೊಗಟೆಯಿಂದ ಮರದೊಳಕ್ಕೆ ಹೋಗುವುದರಿಂದ ತೊಗಟೆ ಒತ್ತಿ ಹಿಡಿದುಕೊಳ್ಳುತ್ತದೆ. ತಿರುಗುವಾಗ ಅಂಚು ಕಣ್ಣಿಗೆ ಮಬ್ಬಾದ ನೆರಳಿನಂತೆ ಕಾಣುತ್ತದೆ. ಆ ನೆರಳೂ ಮರವೇ, ಬೆರಳು ಟೂಲ್ ರೆಸ್ಟ್ ದಾಟದಿರಲಿ.

ನಿನ್ನ ಮರ ಚಳಿಗಾಲದಲ್ಲಿ ಬಿದ್ದದ್ದು ಅದೃಷ್ಟ. ರಸ ಓಡಾಡದ ಆ ಕಾಲದಲ್ಲಿ ಕಡಿದ ಮರಕ್ಕೆ ತೊಗಟೆ ಅಂಟಿಕೊಂಡೇ ಇರುತ್ತದೆ, ವಸಂತದಲ್ಲಿ ಕಡಿದದ್ದು ಬಾಳೆಹಣ್ಣಿನ ಸಿಪ್ಪೆಯಂತೆ ಕಳಚುತ್ತದೆ. ಆದರೂ ಲೇತ್ ನಿಲ್ಲಿಸಿ, ತೊಗಟೆ ಮರ ಸೇರುವ ಗೆರೆಗೆ ನೀರಿನಂತೆ ತೆಳುವಾದ ಸೂಪರ್ ಗ್ಲೂ ಊಡಿಸು. ಅದರ ಹೊಗೆ ಕಣ್ಣಿಗೆ ಉರಿ, ಕಿಟಕಿ ತೆರೆದಿರಲಿ. ಇಷ್ಟಾಗಿಯೂ ತೊಗಟೆ ಉದುರಿದರೆ ಕೆಲಸ ಕೆಟ್ಟಿತೆಂದು ತಿಳಿಯಬೇಡ, ಮೇಪಲ್ ಬರ್ಲ್‌ನ ತೊಗಟೆಯಡಿಯಲ್ಲಿ ಸಣ್ಣ ಸಣ್ಣ ಮುಳ್ಳುಗಳಂಥ ಮೈ ಇರುತ್ತದೆ, ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ. ಟೊಳ್ಳುಗಳಿಗೆ ನೀಲಿ ರಾಳ ಸುರಿಯುವ ಈಗಿನ ಹುಚ್ಚನ್ನು ಮಾತ್ರ ದಯವಿಟ್ಟು ಹಚ್ಚಿಕೊಳ್ಳಬೇಡ. ಮರ ಕಡೆಯುವ ಕಲಾವಿದರಾದ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್, ಹುಳುಕು, ಕೊಳೆತದ್ದು ಎಂದು ಜನ ಬಿಸಾಡುತ್ತಿದ್ದ ಮರವನ್ನು ಅದರ ಕೊರತೆಗಳ ಸಮೇತ ಈ ದೇಶದವರು ಮೆಚ್ಚುವಂತೆ ಮಾಡಿದರು. ಅದನ್ನು ಮತ್ತೆ ಬಣ್ಣದಡಿ ಹೂಳುವುದೇಕೆ?

ಉಪ್ಪುಕಾಗದ ಹಾಕುವಾಗ ಅಂಚಿನ ಭಾಗವನ್ನು ಲೇತ್ ನಿಲ್ಲಿಸಿಯೇ ಕೈಯಿಂದ ತಿಕ್ಕು. ಬುಡದ ಟೆನನ್ ತೆಗೆದು, ಬಟ್ಟಲನ್ನು ಕಾಗದದ ಚೀಲದಲ್ಲಿಟ್ಟು ಕೆಲವು ವಾರ ಒಣಗಿಸಿ, ಆಮೇಲೆ ಎಣ್ಣೆ ಹಚ್ಚು. ಒಣಗುತ್ತ ಮೈ ಸ್ವಲ್ಪ ಸುಕ್ಕುಗಟ್ಟುತ್ತದೆ, ಅದು ಬರ್ಲ್‌ನ ಸ್ವಭಾವ. ಅಮ್ಮ ಅದರಲ್ಲಿ ಹುಣಸೆಹಣ್ಣು ಇಡುತ್ತೇನೆಂದರೆ ಬೇಡವೆನ್ನು.

ಇನ್ನೊಂದು ಗಡ್ಡೆ ಎಲ್ಲಿ ಕೊಳ್ಳಲಿ ಎಂದೂ ಕೇಳಿದ್ದೀಯೆ. ಎಲ್ಲಿಂದ ಬಂತೆಂದು ಮಾರುವವನು ಹೇಳದಿದ್ದರೆ, ಅದರಲ್ಲೂ ರೆಡ್‌ವುಡ್ ಆಗಿದ್ದರೆ, ಮುಟ್ಟಬೇಡ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಉದ್ಯಾನಗಳಲ್ಲಿ ಬರ್ಲ್ ಕಳ್ಳರ ಕಾಟ ಹೆಚ್ಚಾಗಿ 2014 ರಲ್ಲಿ ಅಲ್ಲಿನ ರಸ್ತೆಯೊಂದನ್ನು ರಾತ್ರಿ ಹೊತ್ತು ಮುಚ್ಚಬೇಕಾಯಿತು. ಆ ಮರ ಮರುಚಿಗುರುವುದೇ ಬುಡದ ಬರ್ಲ್‌ನಿಂದ.

ಗಡ್ಡೆಯನ್ನು ಎರಡು ಮೊನೆಗಳ ನಡುವೆ ಕೂರಿಸಿ, ಪೆನ್ಸಿಲ್ ಗುರುತು ಹಾಕಿದ ಮೇಲೆ, ಗುಂಡಿ ಒತ್ತುವ ಮೊದಲು ನಾಲ್ಕು ಬದಿಯಿಂದಲೂ ಚಿತ್ರ ತೆಗೆದು ಕಳುಹಿಸು. ನಾನು ನೋಡಿ ಉತ್ತರ ಬರೆಯುವವರೆಗೆ ಆ ಲೇತ್‌ನ ಪ್ಲಗ್ ಗೋಡೆಯಿಂದ ಹೊರಗೇ ಇರಲಿ.

ಇತಿ ನಿನ್ನ ಪ್ರೀತಿಯ,
ಮಾವ