ಗುರುವಾರ ಕೆರೆಯ ಪಾರ್ಕಿಗೆ ಹೋಗುವ ಮುನ್ನ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ಗುರುವಾರ 4 ಮತ್ತು 5ನೇ ತರಗತಿಯ ಮಕ್ಕಳನ್ನು ಶಾಲೆಯ ಹತ್ತಿರದ ಸಾರ್ವಜನಿಕ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬೆಳಿಗ್ಗೆ 9ಕ್ಕೆ ಹೊರಟು 12ಕ್ಕೆ ವಾಪಸ್. ನಡೆದೇ ಹೋಗುತ್ತೇವೆ. ಜನ ಗಾಳ ಹಾಕಲು ಬರುವ ಕೆರೆ ಇರುವುದು ಅದೇ ಪಾರ್ಕಿನಲ್ಲಿ. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ವಿಷಯ ತಿಳಿದ ಮರುದಿನವೇ ಮೂವರು ತಾಯಂದಿರು ನನ್ನ ಹತ್ತಿರ ಬಂದಿದ್ದರು. "ಮೇಡಂ, ಉಯ್ಯಾಲೆ, ಜಾರುಬಂಡಿ ಇರೋ ಕಡೆ ಆಡಿಸಿ ಕರ್ಕೊಂಡು ಬಂದ್ರೆ ಸಾಕಲ್ವಾ? ನೀರಿನ ಹತ್ತಿರ ಯಾಕೆ?" ಎಂದು ಕೇಳಿದರು. ಆ ಭಯ ನನಗೂ ಇದೆ. ಆದರೆ ನಾವು ಕರೆದುಕೊಂಡು ಹೋಗದಿದ್ದರೂ ಮಕ್ಕಳು ಆ ಕೆರೆಗೆ ಹೋಗಿಯೇ ಹೋಗುತ್ತಾರೆ. ರಜೆಯಲ್ಲಿ ಅಣ್ಣಂದಿರ ಜೊತೆ ಹೋಗುತ್ತಾರೆ. ಇನ್ನೆರಡು ವರ್ಷ ಕಳೆದರೆ ಯಾರಿಗೂ ಹೇಳದೆ ಸೈಕಲ್ ಹತ್ತಿಕೊಂಡು ಹೋಗುತ್ತಾರೆ. ಅಷ್ಟರೊಳಗೆ ನೀರನ್ನು ಹೇಗೆ ನೋಡಬೇಕು ಎಂದು ನಾವು ಕಲಿಸಿರಬೇಕು. ನಾನು ಈ ಭೇಟಿ ಇಟ್ಟುಕೊಂಡಿರುವುದು ಅದಕ್ಕಾಗಿ.

ನೀರು ಯಾವಾಗಲೂ ಇರುವುದಕ್ಕಿಂತ ಕಡಿಮೆ ಆಳವಾಗಿ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಇದಕ್ಕೆ ಕಾರಣ. ನೇರ ಮೇಲಿನಿಂದ ನೋಡಿದರೆ 4 ಅಡಿ ಕೆಳಗಿರುವ ತಳ 3 ಅಡಿಯಲ್ಲೇ ಇದ್ದಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಮೇಲಿದ್ದಂತೆ ಕಾಣುತ್ತದೆ. 3 ಅಡಿ ಎಂದರೆ ನಮ್ಮ 4ನೇ ತರಗತಿಯ ಮಗುವಿಗೆ ಎದೆಮಟ್ಟ. 4 ಅಡಿ ಎಂದರೆ ಮೂಗಿನವರೆಗೆ. "ಇಷ್ಟೇ ತಾನೆ" ಎಂದು ಇಳಿದ ಮಗುವಿಗೆ ಈ ಒಂದು ಅಡಿಯ ವ್ಯತ್ಯಾಸ ಎಷ್ಟು ದೊಡ್ಡದು ಯೋಚಿಸಿ. ಬುಧವಾರ ತರಗತಿಯಲ್ಲಿ ಇದನ್ನು ಮಾಡಿ ತೋರಿಸುತ್ತೇವೆ. ನೀವೂ ಮನೆಯಲ್ಲಿ ಮಾಡಬಹುದು. ಬಟ್ಟಲಿನಲ್ಲಿ ಒಂದು ನಾಣ್ಯ ಇಡಿ. ನಾಣ್ಯ ಅಂಚಿಗೆ ಮರೆಯಾಗುವಷ್ಟು ಮಗುವನ್ನು ಹಿಂದೆ ನಿಲ್ಲಿಸಿ, ನಿಧಾನವಾಗಿ ನೀರು ಹಾಕಿ. ಮಗು ಕದಲದೆ ನಿಂತಿದ್ದರೂ ನಾಣ್ಯ ಮೇಲೆದ್ದು ಬಂದಂತೆ ಕಾಣಿಸುತ್ತದೆ. ಕಣ್ಣಿಗೆ ಕಂಡದ್ದನ್ನು ನೀರಿನ ವಿಷಯದಲ್ಲಿ ನಂಬಬಾರದು ಎಂದು ನೂರು ಸಲ ಹೇಳುವುದಕ್ಕಿಂತ ಈ ಒಂದು ನಾಣ್ಯ ಚೆನ್ನಾಗಿ ಕಲಿಸುತ್ತದೆ.

ದೊಡ್ಡವರಾದ ನಮಗೂ ತಿಳಿದಿರಬೇಕಾದ ಮಾತು ಒಂದಿದೆ. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಬಾಯಿ ನೀರಿನ ಮೇಲೆ ಬಂದಷ್ಟು ಹೊತ್ತು ಉಸಿರೆಳೆಯುವುದಕ್ಕೇ ಸಾಲದು, ಇನ್ನು ಕೂಗುವುದೆಲ್ಲಿ? ಪಕ್ಕದಲ್ಲೇ ಇದ್ದವರಿಗೂ ಗೊತ್ತಾಗದೆ ಹೋಗಬಹುದು. ಆದ್ದರಿಂದ 6 ಮಕ್ಕಳಿಗೆ ಒಬ್ಬರು ದೊಡ್ಡವರು ಇರುತ್ತಾರೆ. ಅವರಲ್ಲದೆ ಇನ್ನಿಬ್ಬರು ಶಿಕ್ಷಕರಿಗೆ ದಡ ನೋಡುತ್ತಾ ನಿಲ್ಲುವುದೊಂದೇ ಕೆಲಸ. ಅವರ ಕೈಯಲ್ಲಿ ಫೋನ್ ಇರುವುದಿಲ್ಲ. ಗೆಳೆಯ ನೀರಿಗೆ ಬಿದ್ದರೆ ಹಿಂದೆಯೇ ಹಾರಬಾರದು, ಜೋರಾಗಿ ಕೂಗಿ ದೊಡ್ಡವರನ್ನು ಕರೆಯಬೇಕು, ತೇಲುವಂಥದ್ದು ಏನಾದರೂ ಇದ್ದರೆ ಎಸೆಯಬೇಕು. ಇದನ್ನು ಮೈದಾನದಲ್ಲಿ ಅಭ್ಯಾಸ ಮಾಡಿಸುತ್ತಿದ್ದೇವೆ. ಈಜು ಬರುವ ಮಗುವಿಗೂ ಇದೇ ನಿಯಮ.

ಮಕ್ಕಳು ಈ ಸಲ ಗಾಳ ಹಿಡಿಯುವುದಿಲ್ಲ, ದೂರದಿಂದ ನೋಡುತ್ತಾರೆ ಅಷ್ಟೇ. ಗಾಳ ಬೀಸುವವರು ಮೊದಲು ಕೋಲನ್ನು ಹಿಂದಕ್ಕೆ ಎಳೆಯುತ್ತಾರೆ, ಆಗ ಕೊಕ್ಕೆ ಅವರ ಬೆನ್ನ ಹಿಂದೆ ಹಾರುತ್ತದೆ. ಹಾಗಾಗಿ ಅವರ ಹಿಂದೆ ಓಡಾಡುವಂತಿಲ್ಲ. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ. ಚರ್ಮದೊಳಗೆ ಹೋದರೆ ಎಳೆದಷ್ಟೂ ಹರಿಯುತ್ತದೆ. ಚುಚ್ಚಿಕೊಂಡರೆ ನಾವು ಎಳೆಯದೆ ನೇರ ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ಚಪ್ಪಲಿ ಬೇಡ, ಶೂ ಹಾಕಿಸಿ ಕಳಿಸಿ. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಆಗಿದೆ ಎಂದೂ ಒಪ್ಪಿಗೆ ಚೀಟಿಯಲ್ಲಿ ಬರೆಯಿರಿ.

ಕಳೆದ ಬೇಸಿಗೆಯಲ್ಲಿ ಆ ಕೆರೆಯ ಸುತ್ತ ನಡೆಯುತ್ತಿದ್ದಾಗ ಜಂಬುಹುಲ್ಲಿನ ನಡುವೆ ಒಂದು ಬೆಳ್ಳಕ್ಕಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿತ್ತು. ಇನ್ನೊಂದು ಕಾಲಿಗೆ ಗಾಳದ ನೈಲಾನ್ ದಾರ ಬಿಗಿದು ಬೆರಳುಗಳು ಕಪ್ಪಾಗಿದ್ದವು. ಹತ್ತಿರ ಹೋದರೆ ಹಾರಿಬಿಡುತ್ತಿತ್ತು. ಏನೂ ಮಾಡಲಾಗದೆ ವಾಪಸ್ ಬಂದೆ, ಆ ಸಂಕಟ ಇನ್ನೂ ಹೋಗಿಲ್ಲ. ನೈಲಾನ್ ದಾರ ಬೇಗ ಕೊಳೆಯುವಂಥದ್ದಲ್ಲ. ಬಿಟ್ಟು ಹೋದವರು ಮರೆತರೂ ಅದು ಅಲ್ಲೇ ಇರುತ್ತದೆ. ಮಕ್ಕಳು ಅಂಥ ದಾರ ಕಂಡರೆ ಮುಟ್ಟದೆ ನಮ್ಮನ್ನು ಕರೆಯುತ್ತಾರೆ. ನಾವು ದಪ್ಪ ಗ್ಲೌಸ್ ಹಾಕಿಕೊಂಡು ಎತ್ತಿ, ಕತ್ತರಿಯಿಂದ ಸಣ್ಣ ಚೂರು ಮಾಡಿ ಕಸದ ಡಬ್ಬಿಗೆ ಹಾಕುತ್ತೇವೆ. ಚೂರು ಮಾಡದೆ ಹಾಕಿದರೆ ಡಬ್ಬಿ ಕೆದಕುವ ಕಾಗೆಗಳಿಗೆ ಸಿಕ್ಕಿಕೊಳ್ಳುತ್ತದೆ.

ಬಾತುಗಳಿಗೆಂದು ಬ್ರೆಡ್ ಕಳಿಸಬೇಡಿ. ತಿಂದು ಮಿಕ್ಕ ಬ್ರೆಡ್ ಕೆರೆಯಲ್ಲೇ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ ನಿಜ, ರಾತ್ರಿ ಅದೂ ಮೀನಿನ ಹಾಗೆ ಆಮ್ಲಜನಕ ಬಳಸುತ್ತದೆ. ನೀರಿನಲ್ಲಿ ಆಮ್ಲಜನಕ ಇರುವುದೇ ಸ್ವಲ್ಪ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಸುಮಾರು 9 ಮಿಲಿಗ್ರಾಂ, ನೀರು ಬಿಸಿಯಾದರೆ ಇನ್ನೂ ಕಡಿಮೆ. ಪಾಚಿ ಜಾಸ್ತಿಯಾದ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಆಟ ಆಡುತ್ತಿವೆ ಎಂದು ನಾವು ಖುಷಿಪಡುತ್ತೇವೆ. ಪಾಪ, ಅವು ಉಸಿರಿಗೆ ಒದ್ದಾಡುತ್ತಿರುತ್ತವೆ.

ಇನ್ನೊಂದು ವಿಷಯಕ್ಕೆ ನೀವೂ ಸಿದ್ಧರಾಗಿರಿ. ಯಾರಾದರೂ ಮೀನು ಹಿಡಿಯುವುದನ್ನು ಮಕ್ಕಳು ನೋಡಬಹುದು. ಗಾಳಿಯಲ್ಲಿ ಅಷ್ಟೊಂದು ಆಮ್ಲಜನಕ ಇದ್ದರೂ ದಡಕ್ಕೆ ಬಂದ ಮೀನಿಗೆ ಉಸಿರು ಸಿಗುವುದಿಲ್ಲ, ಏಕೆಂದರೆ ನೀರಿಲ್ಲದೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದು ಒದ್ದಾಡುವುದನ್ನು ನೋಡಿ ಕೆಲವು ಮಕ್ಕಳು ಅಳಬಹುದು. ಮನೆಗೆ ಬಂದು "ಅಮ್ಮಾ, ಅದಕ್ಕೆ ನೋವಾಗುತ್ತಾ?" ಎಂದು ಕೇಳಿದರೆ ಸುಮ್ನೆ "ಏನೂ ಆಗಲ್ಲ" ಎಂದು ಹೇಳಿಬಿಡಬೇಡಿ. ಮೀನಿನ ಬಾಯಿಯ ಸುತ್ತ ಗಾಯವನ್ನು ಗ್ರಹಿಸುವ ನರಗಳಿವೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಮೀನು ತಿನ್ನುವ ಮನೆಯಾಗಲಿ, ತಿನ್ನದ ಮನೆಯಾಗಲಿ, ನಿಮಗೆ ಸರಿ ಅನಿಸಿದ್ದನ್ನು ಮಗುವಿನ ಜೊತೆ ಕೂತು ಮಾತಾಡಿ. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವವರು ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟುತ್ತಾರೆ. ಒಣಕೈಗೆ ಮೀನಿನ ಮೈಮೇಲಿನ ಲೋಳೆ ಅಂಟಿ ಬರುತ್ತದೆ, ಸೋಂಕು ತಗಲದಂತೆ ಮೀನನ್ನು ಕಾಯುವುದೇ ಆ ಲೋಳೆ. ಇಂಥ ಜೋಪಾನವನ್ನೂ ಮಕ್ಕಳು ನೋಡಲಿ.

ಮಗುವಿಗೆ ಫಿಟ್ಸ್, ಅಸ್ತಮಾ ಅಥವಾ ಜೇನುಹುಳ ಕಚ್ಚಿದರೆ ಅಲರ್ಜಿ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಅದರಿಂದ ಯಾವ ಮಗುವನ್ನೂ ಬಿಟ್ಟು ಹೋಗುವುದಿಲ್ಲ. ಫಿಟ್ಸ್ ಇರುವ ಮಗುವಿನ ಪಕ್ಕ ಒಬ್ಬರು ಶಿಕ್ಷಕರು ಪೂರ್ತಿ ಹೊತ್ತು ಇರುತ್ತಾರೆ.

ನಮಗೆ ಇನ್ನೂ ಇಬ್ಬರು ದೊಡ್ಡವರು ಬೇಕು. ಕೆರೆಯ ದಡದಲ್ಲೇ ಬೆಳೆದ, ಗಾಳ ಹಾಕಿ ಗೊತ್ತಿರುವ ಅಜ್ಜ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅವರನ್ನೇ ಕಳಿಸಿಕೊಡಿ. ಬೆಂಡು ಅಲುಗುವುದನ್ನು ನೋಡುತ್ತಾ ಒಂದು ಗಂಟೆ ಮಾತಿಲ್ಲದೆ ಕೂರುವುದು ಹೇಗೆ ಎಂದು ನಮ್ಮ ಶಿಕ್ಷಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸಹಿ ಮಾಡಿದ ಚೀಟಿ ಮಂಗಳವಾರದೊಳಗೆ ತರಗತಿ ಶಿಕ್ಷಕರ ಕೈ ಸೇರಲಿ. ಇನ್ನೂ ಭಯ ಇದ್ದವರು ಸೋಮವಾರ ಸಂಜೆ 4ಕ್ಕೆ ನನ್ನ ಕೊಠಡಿಗೆ ಬನ್ನಿ. ಅಲ್ಲಿಂದ ಕೆರೆಗೆ ಹೋಗಿ, ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂದು ಒಟ್ಟಿಗೆ ನೋಡಿ ಬರೋಣ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ