ರೇರ್ ಅರ್ಥ್ ನಿಧಿ ಅಂತ ಬರೆದ್ರಿ, ಬಂಡೆ ಹೋಯ್ತು

ಸಂಪಾದಕರೇ,

ಹೋದ ವಾರ ಜಿಲ್ಲಾ ಪುಟದಲ್ಲಿ ನಮ್ಮ ಕಬ್ಬಾಳು ಕಡೆಯ ಹಳೇ ಕ್ವಾರಿ ಫೋಟೋ ಹಾಕಿ, ಇಲ್ಲಿ ಕೋಟಿಗಟ್ಟಲೆ ಬೆಲೆಬಾಳೋ ರೇರ್ ಅರ್ಥ್ (ಮೊಬೈಲು, ಮೋಟಾರಿಗೆಲ್ಲ ಬೇಕಾಗೋ ಒಂದು ಗುಂಪು ಲೋಹ) ಇದೆ ಅಂತ ಬರೆದ್ರಲ್ಲ, ಆಮೇಲೆ ಇಲ್ಲಿ ಏನಾಯ್ತು ಅಂತ ನಿಮ್ಮವರು ಯಾರಾದ್ರೂ ಬಂದು ನೋಡಿದ್ರಾ? ನಿನ್ನೆ ಬೆಳಗ್ಗೆ ಯಾರೋ ಬ್ರೇಕರ್ ಹಾಕಿದ ಹಿಟಾಚಿ ತಂದು ಕ್ವಾರಿ ಗೋಡೆಯ ಒಳ್ಳೇ ಭಾಗನೇ ಒಡೆದು ಟಿಪ್ಪರ್‌ಗೆ ತುಂಬ್ಕೊಂಡು ಹೋಗಿದ್ದಾರೆ. ಕೇಳಿದ್ರೆ ಸ್ಯಾಂಪಲ್ ಅಂತಾರೆ. ಟಿಪ್ಪರ್‌ಗಟ್ಟಲೆ ಕಲ್ಲು ಸ್ಯಾಂಪಲ್ಲಾ ಸ್ವಾಮಿ?

ನಮ್ಮ ಪಾಡು ಕೇಳಿ. ಮನೇಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದೆ (ನಾಲ್ಕನೇ ಸಲ ಪೊರೆ ಬಿಟ್ಟಿದೆ), ಹೊತ್ತೊತ್ತಿಗೆ ಸೊಪ್ಪು ಬೇಕು, ತೋಟ ಇರೋದು ಕ್ವಾರಿ ರಸ್ತೆಗೆ ಅಂಟ್ಕೊಂಡು, ಎಲೆ ಮೇಲೆ ಬೂದಿ ಬಣ್ಣದ ಧೂಳು ಕೂತಿದೆ, ಆ ಸೊಪ್ಪು ಹಾಕೋ ಹಾಗಿಲ್ಲ, ತೊಳೆದು ಒಣಗಿಸೋಕೆ ಆಳಿಲ್ಲ. ಟಿಪ್ಪರ್ ಹತ್ತಿ ಡ್ರಿಪ್ ಪೈಪ್ ಬೇರೆ ಒಡೆದಿದೆ. ಮಗಳು ಸ್ಕೂಲ್ ಬಸ್ ಹತ್ತೋಕೆ ಮುಖಕ್ಕೆ ಬಟ್ಟೆ ಕಟ್ಕೊಂಡು ಹೋಗ್ಬೇಕು. ಇದರ ಮೇಲೆ ಬೆಂಗಳೂರಿಂದ ಸೈಟ್ ಬ್ರೋಕರ್‌ಗಳ ಫೋನು, ಎಕರೆಗೆ ಎಷ್ಟಣ್ಣ, ಕಲ್ಲು ಸಮೇತ ಎಷ್ಟಣ್ಣ ಅಂತ.

ಸಿಟ್ಟು ಬರೋದು ಇದಕ್ಕಿಂತ ಇನ್ನೊಂದಕ್ಕೆ. ನೀವು ಬರೆದಿದ್ದು ಪೂರ್ತಿ ಉಲ್ಟಾ. ನಾನು ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದ್ದವನು, ಈ ಬಂಡೆ ಯಾಕೆ ದೊಡ್ಡದು ಅಂತ ನಮ್ಮ ಮೇಷ್ಟ್ರು ಇದರ ಮುಂದೇನೇ ನಿಲ್ಲಿಸಿ ಹೇಳಿಕೊಟ್ಟಿದ್ದಾರೆ. ನಮ್ಮ ಈ ಕಬ್ಬಾಳದುರ್ಗದ ಕಲ್ಲಿನ ಬಗ್ಗೆ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದ್ರು. ಬಿಳಿ ಕಪ್ಪು ಪಟ್ಟೆ ಇರೋ ಮಾಮೂಲಿ ನೈಸ್ ಕಲ್ಲು ಚಾರ್ನೋಕೈಟ್ ಅನ್ನೋ ಬೇರೆ ಕಲ್ಲಾಗಿ ಬದಲಾಗ್ತಾ ಅರ್ಧಕ್ಕೇ ನಿಂತುಹೋಗಿರೋ ಜಾಗ ಇದು. ಗೋಡೆ ಹತ್ರ ಹೋಗಿ ನೋಡಿದ್ರೆ ಪಟ್ಟೆ ಪಟ್ಟೆಯಾಗಿ ಬರ್ತಿದ್ದ ಕಲ್ಲು ಒಂದು ಕಡೆ ಮಸುಕಾಗುತ್ತೆ, ಒಂದು ಗೇಣು ಆಚೆಗೆ ಪಟ್ಟೆನೇ ಇಲ್ಲ, ಹರಳು ದಪ್ಪ ಆಗಿ, ಎಣ್ಣೆ ಸವರಿದ ಹಾಗೆ ಮಿರಮಿರ ಅನ್ನೋ ಹಸಿರುಗಪ್ಪು ಬಣ್ಣಕ್ಕೆ ತಿರುಗಿರುತ್ತೆ. ಸುಮಾರು 250 ಕೋಟಿ ವರ್ಷದ ಹಿಂದೆ, ಭೂಮಿಯ ಬಹಳ ಆಳದಲ್ಲಿ, 700 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಬಿರುಕು ಹಿಡಿದು ಮೇಲೆ ಬಂದ ದ್ರವ ಮಾಡಿದ ಕೆಲಸ ಅದು. ದ್ರವ ಅಂದ್ರೆ ಬರೀ ನೀರಲ್ಲ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದ, ಆ ಒತ್ತಡದಲ್ಲಿ ನೀರೂ ಅನ್ನೋ ಹಾಗಿಲ್ಲ ಗಾಳಿನೂ ಅನ್ನೋ ಹಾಗಿಲ್ಲ ಅಂಥದ್ದು.

ಆ ದ್ರವ ರೇರ್ ಅರ್ಥ್ ತಂದು ಇಲ್ಲಿ ಸುರಿದಿಲ್ಲ, ತಗೊಂಡು ಹೋಗಿದೆ! 1987ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲ್ಲಿನ ಕಲ್ಲು ಅಳೆದು ತೋರಿಸಿದ್ದೇ ಅದು. ಯಟರ್ಬಿಯಂ, ಲುಟೀಷಿಯಂ ಥರದ ಭಾರದ ರೇರ್ ಅರ್ಥ್ ಕೂತಿರೋದು ಜಿರ್ಕಾನ್, ಅಪಟೈಟ್, ಹಾರ್ನ್‌ಬ್ಲೆಂಡ್ ಹರಳುಗಳ ಒಳಗೆ. ಬಿಸಿ ದ್ರವ ಆ ಹರಳುಗಳನ್ನೇ ಕರಗಿಸ್ತು, ಹರಳು ಹೋಯ್ತು, ಅದರೊಳಗಿದ್ದದ್ದೂ ಹೋಯ್ತು. ಬದಲಿಗೆ ಪೊಟ್ಯಾಶಿಯಂ, ಸಿಲಿಕಾ ಬಂದು ಸೇರ್ಕೊಂಡ್ವು. ಅಂದ್ರೆ ಹಿಟಾಚಿಯವರು ಒಡೆದಿರೋ ಕಪ್ಪು ಕಲ್ಲೇ ಭಾರದ ರೇರ್ ಅರ್ಥ್ ಮಟ್ಟಿಗೆ ಪಕ್ಕದ ಮಾಮೂಲಿ ಕಲ್ಲಿಗಿಂತ ಬಡಕಲು. ದ್ರವ ರೇರ್ ಅರ್ಥ್ ತಂದು ಕೂಡಿಹಾಕಿದ್ದು ನೋಡ್ಬೇಕು ಅಂದ್ರೆ ಗುಜರಾತ್‌ನ ಅಂಬಾಡೋಂಗರ್‌ಗೆ ಹೋಗ್ಲಿ. ಅಲ್ಲಿ ಡೆಕ್ಕನ್ ಲಾವಾ ಕಾಲದ ಕಾರ್ಬೊನಟೈಟ್ (ಕಾರ್ಬೊನೇಟ್ ತುಂಬಿದ ಅಗ್ನಿಶಿಲೆ) ಇದೆ, ಕೊನೇ ಹಂತದಲ್ಲಿ ಬಂದ ಬಿಸಿ ದ್ರವ ಫ್ಲೋರೈಟ್ ಜೊತೆಗೆ ಬ್ಯಾಸ್ಟ್‌ನಸೈಟ್ ಥರದ ರೇರ್ ಅರ್ಥ್ ಖನಿಜಗಳನ್ನ ಇಟ್ಟು ಹೋಗಿದೆ. ಅಲ್ಲಿದ್ದ ಕಲ್ಲು ಬೇರೆ, ಬಂದ ದ್ರವ ಬೇರೆ, ಆಳ ಬೇರೆ, ಅದಕ್ಕೇ ಫಲಿತಾಂಶನೂ ಬೇರೆ. ಇಷ್ಟು ವಿಚಾರಿಸಿ ಬರೆಯೋಕೆ ಒಂದು ಫೋನ್ ಸಾಕಿತ್ತು ನಿಮಗೆ. 2025ರಲ್ಲಿ ಚೀನಾ ರೇರ್ ಅರ್ಥ್ ರಫ್ತಿಗೆ ಬಿಗಿ ಮಾಡಿದಾಗಿಂದ ಎಲ್ಲರ ಬಾಯಲ್ಲೂ ಅದೇ ಮಾತು, ಸರಿ, ಆದ್ರೆ ಅದು ಕಲ್ಲಲ್ಲಿ ಹೇಗೆ ಬರುತ್ತೆ ಹೇಗೆ ಹೋಗುತ್ತೆ ಅಂತ ಕಲಿಯೋಕೆ ಇರೋ ಪಾಠದ ಜಾಗನೇ ಒಡೆದು ಹಾಕಿದ್ರೆ ನಾಳೆ ಹುಡುಕೋರು ಎಲ್ಲಿ ಕಲೀಬೇಕು?

ಅಧಿಕಾರಿಗಳಿಗೆ ಹೇಳಿದ್ರೆ ಒಬ್ಬರು ಗೋಮಾಳ, ನಮಗೆ ಬರಲ್ಲ ಅಂತಾರೆ, ಇನ್ನೊಬ್ಬರು ಲೀಸ್ ಮುಗಿದಿದೆ, ನಮಗೂ ಬರಲ್ಲ ಅಂತಾರೆ, ಮತ್ತೊಬ್ಬರು ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಇವರು ಹೀಗೇ. ಮೋರಿ ಕುಸಿದಾಗಲೂ ಹೀಗೇ ಓಡಾಡ್ಸಿದ್ರು, ನಮ್ಮಪ್ಪನ ಪಹಣಿಯಲ್ಲಿ ಹೆಸರು ತಪ್ಪಾದಾಗ ಅವರು ತೀರ್ಕೊಂಡ ಮೇಲೂ ಸರಿ ಮಾಡ್ಲಿಲ್ಲ. ಲಾಲ್‌ಬಾಗ್ ಬಂಡೆನ, ಚಿತ್ರದುರ್ಗದ ಮರಡಿಹಳ್ಳಿ ದಿಂಬಿನಾಕಾರದ ಲಾವಾನ, ಸೇಂಟ್ ಮೇರೀಸ್ ದ್ವೀಪನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದ್ದಾರೆ, ಸಂತೋಷ. ಪ್ರಪಂಚದ ಭೂವಿಜ್ಞಾನಿಗಳೆಲ್ಲ ಹೆಸರು ಹಿಡಿದು ಬರೋ ನಮ್ಮ ಬಂಡೆಗೆ ಆ ಭಾಗ್ಯ ಇಲ್ಲ. ಹೊರದೇಶದವರು ಬಂದು ಮಂಡಿಯೂರಿ ಲೆನ್ಸ್ ಹಿಡಿದು ನೋಡೋದನ್ನ ನಾನೇ ಕಂಡಿದ್ದೀನಿ, ನಮ್ಮ ಸಾಹೇಬ್ರುಗಳು ಜೀಪ್ ಇಳಿದಿದ್ದು ಕಂಡಿಲ್ಲ.

ಈಗ ತಪ್ಪು ವರದಿಗೆ ನೀವು ಮೊದಲನೇ ಪುಟದಲ್ಲೇ ತಿದ್ದುಪಡಿ ಹಾಕ್ಬೇಕು, ಒಳಗೆಲ್ಲೋ ಮೂಲೇಲಿ ಬೇಡ. ಒಡೆದವರ ಮೇಲೆ ಕೇಸ್ ಆಗ್ಬೇಕು, ಉಳಿದ ಗೋಡೆಗೆ ಬೇಲಿ ಹಾಕ್ಲಿ, ಇಲ್ಲ ಸ್ಮಾರಕನಾದ್ರೂ ಮಾಡ್ಲಿ, ಏನೋ ಒಂದು ಮಾಡ್ಲಿ. ಧೂಳಿಗೆ ನಮ್ಮ ಬೆಳೆ ಹೋದ್ರೆ ಯಾರು ಕೊಡ್ತಾರೆ ಅಂತನೂ ಹೇಳ್ಬಿಡ್ಲಿ. ಸಂಬಳ ತಗೊಳ್ಳೋಕೆ ಮಾತ್ರ ಯಾವ ಇಲಾಖೆಯವರೂ ನಮಗೆ ಬರಲ್ಲ ಅಂದಿದ್ದು ನಾನು ಕೇಳಿಲ್ಲ, ನಾಚಿಕೆ ಆಗ್ಬೇಕು ಇವರಿಗೆ.

ಇತಿ,
ಒಬ್ಬ ರೇಷ್ಮೆ ಬೆಳೆಗಾರ, ಸಾತನೂರು ಹೋಬಳಿ