ಬೆನಿನ್‌ನ ಹಿತ್ತಾಳೆ ಫಲಕಗಳು: ಬ್ರಿಟನ್ನಿನ ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಬೆನಿನ್ ಅರಮನೆಯ ಕಲಾಕೃತಿಗಳನ್ನು ಹಿಂದಿರುಗಿಸುವ ಮಾತು ಬಂದಾಗಲೆಲ್ಲ ಸರ್ಕಾರ ಅದನ್ನು ಟ್ರಸ್ಟಿಗಳಿಗೆ ಬಿಟ್ಟ ವಿಷಯವೆನ್ನುತ್ತದೆ. ಟ್ರಸ್ಟಿಗಳು 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ತಮ್ಮ ಕೈ ಕಟ್ಟಿಹಾಕಿದೆ ಎನ್ನುತ್ತಾರೆ. ಆ ಕಾಯ್ದೆಗೆ ಸರ್ಕಾರವೇ ತಿದ್ದುಪಡಿ ಮಂಡಿಸಬಹುದಾದ್ದರಿಂದ, ಲಂಡನ್ನಿನಲ್ಲಿ ನೆಲೆಸಿ ಇಲ್ಲಿಯೇ ತೆರಿಗೆ ಕಟ್ಟುವ ನಾನು ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮರದ ಹುಲಿ ಹಡಗು ಹತ್ತಿ ಇದೇ ನಗರಕ್ಕೆ ಬಂದದ್ದನ್ನು ಬಲ್ಲ ಕನ್ನಡ ಓದುಗರಿಗೂ ಈ ವಿಷಯ ದೂರದ್ದಲ್ಲವಾದ್ದರಿಂದ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಾನು ಹೇಳುತ್ತಿರುವ ಬೆನಿನ್ ಈಗ ನೈಜೀರಿಯಾದ ಎಡೊ ರಾಜ್ಯದಲ್ಲಿದೆ; ಅದೇ ಹೆಸರಿನ ನೆರೆಯ ದೇಶ ಬೇರೆ. 1897ರ ಜನವರಿಯಲ್ಲಿ, ಈಗ ಬರಬೇಡಿ ಎಂದು ಅಲ್ಲಿನ ಅರಸ ಹೇಳಿಕಳುಹಿಸಿದರೂ ಕೇಳದೆ ಅಲ್ಲಿಗೆ ಹೊರಟ ಬ್ರಿಟಿಷ್ ಅಧಿಕಾರಿ ಫಿಲಿಪ್ಸ್ ಮತ್ತು ಅವರ ತಂಡದ ಬಹುಪಾಲು ಜನ ದಾರಿಯಲ್ಲಿ ಕೊಲ್ಲಲ್ಪಟ್ಟರು. ಮರುತಿಂಗಳೇ ಅಡ್ಮಿರಲ್ ರಾಸನ್ ನೇತೃತ್ವದ ಪಡೆ ನಗರವನ್ನು ಹಿಡಿಯಿತು, ಅರಮನೆಯನ್ನು ದೋಚಿತು. ನಗರ ಬೆಂಕಿಗೆ ಆಹುತಿಯಾಯಿತು. ಅರಸ, ಅಂದರೆ ಓಬಾ, ಓವೊನ್ರಾಮ್ವೆನ್‌ರನ್ನು ಕಲಾಬಾರ್‌ಗೆ ಗಡಿಪಾರು ಮಾಡಲಾಯಿತು. 1914ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ದೋಚಿದ್ದು ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು ಕಾಲಕ್ಕೆ ಅರಮನೆಯ ಕಂಬಗಳನ್ನು ಹೊದ್ದಿದ್ದ ಹಿತ್ತಾಳೆಯ ಫಲಕಗಳಲ್ಲಿ ಪರಿವಾರದೊಡನೆ ನಿಂತ ಓಬಾ ಇದ್ದಾರೆ, ಚಿರತೆಯ ಬೇಟೆಯಿದೆ, ಟೋಪಿ ತೊಟ್ಟು ಕೋವಿ ಹಿಡಿದ ಪೋರ್ಚುಗೀಸರಿದ್ದಾರೆ. ಹೊಸ ಓಬಾ ಪಟ್ಟಕ್ಕೆ ಬಂದಾಗ ಹಿಂದಿನವರ ನೆನಪಿಗೆ ಮಾಡಿಸುತ್ತಿದ್ದ ಶಿರಗಳು ಪೂರ್ವಜರ ಪೂಜೆಯ ವೇದಿಕೆಯ ಮೇಲೆ, ಕೆತ್ತನೆಯ ಆನೆದಂತಗಳನ್ನು ಹೊತ್ತು ಕೂರುತ್ತಿದ್ದವು. ಎರಕ ಹೊಯ್ಯುತ್ತಿದ್ದವರು ಓಬಾನಿಗಾಗಿ ದುಡಿಯುತ್ತಿದ್ದ ಒಂದು ಸಂಘದವರು; ಬೆನಿನ್ ನಗರದ ಈಗುನ್ ಬೀದಿಯಲ್ಲಿ ಅವರ ವಂಶಜರು ಇಂದಿಗೂ ಅದೇ ಕಸುಬು ಮಾಡುತ್ತಾರೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಜಾಗಕ್ಕೆ ಕರಗಿದ ಲೋಹ ಹೊಯ್ದು, ಕೊನೆಗೆ ಅಚ್ಚನ್ನೇ ಒಡೆದು ತೆಗೆಯುವ ವಿಧಾನವಾದ್ದರಿಂದ ಒಂದರಂತೆ ಇನ್ನೊಂದು ಹುಟ್ಟುವ ಮಾತೇ ಇಲ್ಲ. ಆದರೂ 1950ರ ದಶಕದ ಆರಂಭದಲ್ಲಿ ಮ್ಯೂಸಿಯಂ ತನ್ನಲ್ಲಿದ್ದ ಕೆಲವು ಫಲಕಗಳನ್ನು ಜೋಡಿ ಪ್ರತಿಗಳೆಂದು ವರ್ಗೀಕರಿಸಿ ಮಾರಿತು, ಕೊಂಡವರಲ್ಲಿ ಅಂದಿನ ನೈಜೀರಿಯಾ ಸರ್ಕಾರವೂ ಇತ್ತು. ತಮ್ಮ ನೆಲದಿಂದಲೇ ಹೋದದ್ದಕ್ಕೆ ಅವರು ದುಡ್ಡು ತೆರಬೇಕಾಯಿತು. ಬೇಕೆನಿಸಿದಾಗ ದಾರಿ ಹುಡುಕಿಕೊಂಡ ಸಂಸ್ಥೆಯೇ ಈಗ ದಾರಿಯಿಲ್ಲವೆನ್ನುವುದನ್ನು ನಾನು ನಂಬಲಾರೆ.

ಇನ್ನೊಂದು ಸಂಗತಿ ನೇರವಾಗಿ ಸರ್ಕಾರಕ್ಕೆ ಸಂಬಂಧಿಸಿದ್ದು. 1898ರಲ್ಲಿ ಇನ್ನೂರಕ್ಕೂ ಹೆಚ್ಚು ಫಲಕಗಳನ್ನು ಮ್ಯೂಸಿಯಂಗೆ ಕೊಟ್ಟದ್ದು ಬ್ರಿಟಿಷ್ ವಿದೇಶಾಂಗ ಇಲಾಖೆ. ದೋಚಿದ್ದು ಸರ್ಕಾರದ ಪಡೆ, ದಾನ ಮಾಡಿದ್ದು ಸರ್ಕಾರದ ಇಲಾಖೆ. ಹೀಗಿರುವಾಗ ಇದು ಟ್ರಸ್ಟಿಗಳಿಗೆ ಮಾತ್ರ ಬಿಟ್ಟ ವಿಷಯ ಹೇಗಾದೀತು?

ಸಂಸ್ಥೆಗಳಿಗೆ ತಾವಾಗಿ ಕೊಡುವ ಸ್ವಾತಂತ್ರ್ಯವಿದ್ದ ಕಡೆ ಕೆಲಸ ನಡೆದಿದೆ. ಕೇಂಬ್ರಿಜ್‌ನ ಜೀಸಸ್ ಕಾಲೇಜು ಮತ್ತು ಅಬರ್ಡೀನ್ ವಿಶ್ವವಿದ್ಯಾಲಯ 2021ರಲ್ಲಿ ಒಂದೊಂದು ಕೃತಿಯನ್ನು ಹಿಂದಿರುಗಿಸಿದವು. ತಮ್ಮ ಇಲಾಖೆಯ ಅನುದಾನ ಪಡೆಯುವ, ಇದೇ ನಗರದ ಹಾರ್ನಿಮನ್ ಮ್ಯೂಸಿಯಂ 2022ರಲ್ಲಿ 72 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ವರ್ಗಾಯಿಸಿತು. ಜರ್ಮನಿ ಅದೇ ವರ್ಷ, ನೆದರ್ಲೆಂಡ್ಸ್ 2025ರಲ್ಲಿ ಇದೇ ಹಾದಿ ಹಿಡಿದವು. ಒಂಬೈನೂರಕ್ಕೂ ಹೆಚ್ಚು ಬೆನಿನ್ ವಸ್ತುಗಳಿರುವ ಬ್ರಿಟಿಷ್ ಮ್ಯೂಸಿಯಂ ಮಾತ್ರ ಅವನ್ನು ಕೆಲಕಾಲಕ್ಕೆ ಸಾಲವಾಗಿ ಕಳುಹಿಸುವ ಮಾತನ್ನಾಡುತ್ತಿದೆ. 1977ರಲ್ಲಿ ಲಾಗೋಸ್‌ನ ಫೆಸ್ಟಾಕ್ ಕಲಾ ಉತ್ಸವದ ಲಾಂಛನವಾಗಿದ್ದ, ಬೆನಿನ್‌ನ ರಾಜಮಾತೆ ಇಡಿಯಾಳ ದಂತದ ಮುಖವಾಡವನ್ನು ಅದು ಸಾಲವಾಗಿಯೂ ಕಳುಹಿಸಲಿಲ್ಲ.

ಕಳುಹಿಸಿದರೆ ಅಲ್ಲಿ ಭದ್ರವಾಗಿರುತ್ತವೆಯೇ ಎಂಬ ಪ್ರಶ್ನೆಗೆ ಹೆಚ್ಚು ಮಾತು ಬೇಕಿಲ್ಲ. ಸುಮಾರು 2,000 ವಸ್ತುಗಳು ಕಾಣೆಯಾದ, ಕಳವಾದ ಅಥವಾ ಹಾಳಾದ ಸುದ್ದಿ 2023ರಲ್ಲಿ ಹೊರಬಿದ್ದದ್ದು ಬ್ರಿಟಿಷ್ ಮ್ಯೂಸಿಯಂನಿಂದಲೇ. ಮರಳಿದ ಕೃತಿಗಳು ಯಾರ ಸುಪರ್ದಿಯಲ್ಲಿರಬೇಕೆಂಬ ಬಗ್ಗೆ ನೈಜೀರಿಯಾದಲ್ಲಿ ಭಿನ್ನಾಭಿಪ್ರಾಯ ಇರುವುದು ನಿಜ. 2023ರಲ್ಲಿ ಅಲ್ಲಿನ ಅಧ್ಯಕ್ಷರು ಒಡೆತನವನ್ನು ಬೆನಿನ್‌ನ ಈಗಿನ ಓಬಾನದ್ದೆಂದು ಘೋಷಿಸಿದ ಮೇಲೂ ಅದು ಪೂರ್ತಿ ತಣ್ಣಗಾಗಿಲ್ಲ. ಆದರೆ ಮನೆಯವರಲ್ಲಿ ಪಾಲಿನ ಜಗಳವಿದೆ ಎಂಬ ನೆಪ ಹೇಳಿ ಕದ್ದ ಒಡವೆಯನ್ನು ಕಳ್ಳನೇ ಇಟ್ಟುಕೊಳ್ಳಲಾಗದು.

ತಮ್ಮಲ್ಲಿ ನನ್ನ ಕೋರಿಕೆ ಬಹಳ ಸೀಮಿತವಾದದ್ದು. ನಾಜಿಗಳ ಕಾಲದಲ್ಲಿ ಮೂಲ ಒಡೆಯರು ಕಳೆದುಕೊಂಡ ಕಲಾಕೃತಿಗಳನ್ನು ರಾಷ್ಟ್ರೀಯ ಮ್ಯೂಸಿಯಂಗಳು ಹಿಂದಿರುಗಿಸಲು ಅನುವಾಗುವಂತೆ ಸಂಸತ್ತು 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು, 2019ರಲ್ಲಿ ಅದನ್ನು ಶಾಶ್ವತಗೊಳಿಸಿತು. ಸಲಹಾ ಮಂಡಳಿ ಶಿಫಾರಸು ಮಾಡಬೇಕು, ಸಚಿವರು ಒಪ್ಪಬೇಕು, ಆಮೇಲಷ್ಟೇ ವಸ್ತು ಕೈಬಿಡಬೇಕು ಎಂಬ ಏರ್ಪಾಡು ಅದರಲ್ಲಿದೆ. ಅದರಿಂದ ಯಾವ ಮ್ಯೂಸಿಯಂ ಕೂಡ ಬರಿದಾಗಲಿಲ್ಲ. 1897ರ ಬೆನಿನ್ ಲೂಟಿಗೆ ಸೀಮಿತವಾಗಿ ಅಂಥದೇ ಒಂದು ಮಸೂದೆಯನ್ನು, ಸಾಲದ ಬದಲು ಒಡೆತನವನ್ನೇ ವರ್ಗಾಯಿಸಲು ಅವಕಾಶವಿರುವಂತೆ, ತಾವು ಸಂಸತ್ತಿನ ಮುಂದಿಡಬೇಕು. ಇಡುವುದಿಲ್ಲವಾದರೆ, ಅದು ಕಾಯ್ದೆಯ ಅಡ್ಡಿಯಲ್ಲ, ಸರ್ಕಾರದ ತೀರ್ಮಾನ ಎಂಬುದನ್ನಾದರೂ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲಂಡನ್ನಿನ ಒಬ್ಬ ಕನ್ನಡಿಗ